ವಾಹನದ ಜಾಡು, ರೋಗದ ಜಾಡು: ಜಾನುವಾರು ಸಾಂಕ್ರಾಮಿಕ ರೋಗಗಳ ತಡೆಗೆ ಸಂಪರ್ಕಿತ ವಾಹನ ತಂತ್ರಜ್ಞಾನ

ಪೀಠಿಕೆ

ಉಡುಪಿ ತಾಲ್ಲೂಕಿನ ಕೆಮ್ಮಣ್ಣು ಗ್ರಾಮದ ಹೆಸರಿನಲ್ಲಿಯೇ ಕೆಂಪು ಮಣ್ಣಿದೆ. ಮಳೆಗಾಲದಲ್ಲಿ ಕರಾವಳಿಯ ಯಾವುದೇ ಹಟ್ಟಿಯ ಅಂಗಳಕ್ಕೆ ಬಂದ ವಾಹನವು ಹಿಂದಿರುಗುವಾಗ ಚಕ್ರಗಳಲ್ಲಿ ಒಂದಿಷ್ಟು ಕೆಸರನ್ನೂ ಸಗಣಿಯನ್ನೂ ಹೊತ್ತುಕೊಂಡೇ ಹೋಗುತ್ತದೆ. ಆ ಹಟ್ಟಿಯಲ್ಲಿ ಕಾಲುಬಾಯಿ ಜ್ವರದ ಸೋಂಕಿದ್ದರೆ, ಕೆಸರಿನೊಡನೆ ರೋಗಾಣುವೂ ಮುಂದಿನ ಅಂಗಳವನ್ನು ತಲುಪುವ ಸಾಧ್ಯತೆಯಿದೆ. ಕಾಲುಬಾಯಿ ಜ್ವರದ ವೈರಾಣು ಬೇಸಿಗೆಯ ಮಣ್ಣಿನಲ್ಲಿ ಸುಮಾರು 3 ದಿನ, ತಂಪಾದ ಋತುವಿನಲ್ಲಿ 28 ದಿನಗಳವರೆಗೆ ಬದುಕಿರಬಲ್ಲದು.

ಹೈನುಗಾರಿಕೆ, ಕೋಳಿ ಸಾಕಣೆ ಮತ್ತು ಹಂದಿ ಸಾಕಣೆ ಈಗ ವಾಹನಗಳಿಲ್ಲದೆ ನಡೆಯಲಾರವು. ಪಶು ಆಹಾರ, ಬೈಹುಲ್ಲು, ಹಾಲು, ಮೊಟ್ಟೆ, ಗೊಬ್ಬರ, ಔಷಧಿ, ಕೃತಕ ಗರ್ಭಧಾರಣೆಯ ಸಾಮಗ್ರಿ, ಕೊನೆಗೆ ಜಾನುವಾರುಗಳೂ ಚಕ್ರಗಳ ಮೇಲೆಯೇ ಸಂಚರಿಸುತ್ತವೆ. ಈ ಸಂಚಾರವನ್ನು ನಿಲ್ಲಿಸಲಾಗದು. ಆದರೆ ಅದರ ಲೆಕ್ಕವಿಡಬಹುದು. ವಾಹನದ ಚಲನೆಯ ಲೆಕ್ಕವನ್ನು ತಾನಾಗಿಯೇ ಬರೆದಿಡುವ ವ್ಯವಸ್ಥೆಗೆ ಸಂಪರ್ಕಿತ ವಾಹನ ತಂತ್ರಜ್ಞಾನವೆಂದು ಹೆಸರು. ಈ ತಂತ್ರಜ್ಞಾನವು ರೋಗ ನಿಯಂತ್ರಣಕ್ಕೆ ಹೇಗೆ ನೆರವಾಗುತ್ತದೆ, ಅದರ ಮಿತಿಗಳೇನು, ಸಾಧನಗಳು ದೊರೆಯದ ಕಡೆಯಲ್ಲಿ ನೀವು ಇಂದಿನಿಂದಲೇ ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ರೋಗ ಕಾಣಿಸಿಕೊಳ್ಳುವ ಮೊದಲೇ ವಾಹನ ಹೊರಟಿರುತ್ತದೆ

ಸಾಂಕ್ರಾಮಿಕ ರೋಗಗಳ ನಿಯಂತ್ರಣದಲ್ಲಿ ಎದುರಾಗುವ ದೊಡ್ಡ ತೊಡಕೆಂದರೆ ಸೋಂಕು ತಗಲುವ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವಿನ ಅಂತರ. ಕಾಲುಬಾಯಿ ಜ್ವರದಲ್ಲಿ ಈ ಅಂತರ ಸಾಮಾನ್ಯವಾಗಿ 2ರಿಂದ 14 ದಿನ. ಬಾಯಿಯಲ್ಲಿ ಗುಳ್ಳೆ, ಜೊಲ್ಲು ಸುರಿಯುವುದು, ಕುಂಟುವುದು ಮುಂತಾದ ಲಕ್ಷಣಗಳು ಕಾಣುವ ಮೊದಲೇ ಹಸುವಿನ ಹಾಲಿನಲ್ಲಿ ವೈರಾಣು ಹೊರಬರುತ್ತಿರುತ್ತದೆ. ರೈತನು ಪಶುವೈದ್ಯರಿಗೆ ಕರೆ ಮಾಡುವ ಹೊತ್ತಿಗೆ ಆ ಅಂಗಳಕ್ಕೆ ಹಲವು ವಾಹನಗಳು ಬಂದು ಹೋಗಿರುತ್ತವೆ.

2001ರಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ಇದೇ. ಆ ವರ್ಷದ ಫೆಬ್ರುವರಿಯಲ್ಲಿ ಎಸೆಕ್ಸ್ ಪ್ರಾಂತದ ಒಂದು ಕಸಾಯಿಖಾನೆಯಲ್ಲಿ ಕಾಲುಬಾಯಿ ಜ್ವರ ಮೊದಲು ಪತ್ತೆಯಾಯಿತು. ಅದಕ್ಕೂ ಮೊದಲೇ ಹೆಕ್ಸಮ್ ಮತ್ತು ಲಾಂಗ್‌ಟೌನ್ ಕುರಿ ಸಂತೆಗಳಿಂದ ಹೊರಟ ಲಾರಿಗಳು ಸೋಂಕನ್ನು ದೇಶದ ಹಲವು ಭಾಗಗಳಿಗೆ ಮುಟ್ಟಿಸಿದ್ದವು. ಕೆಲವೇ ದಿನಗಳಲ್ಲಿ ಸಾಗಾಟವನ್ನು ನಿಷೇಧಿಸಿದರೂ ರೋಗ ಆಗಲೇ ಚದುರಿಹೋಗಿತ್ತು. ಆ ಪಿಡುಗು ಮುಗಿಯುವಷ್ಟರಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

ಮಲೇಷ್ಯಾದಲ್ಲಿ 1998–99ರಲ್ಲಿ ನಿಪಾ ವೈರಾಣು ಮೊದಲ ಬಾರಿಗೆ ಪತ್ತೆಯಾದಾಗಲೂ ಸಾಗಾಟದ ಪಾತ್ರ ದೊಡ್ಡದಾಗಿತ್ತು. ಸೋಂಕಿತ ಹಂದಿಗಳನ್ನು ಉತ್ತರದ ಇಪೊ ಪ್ರದೇಶದಿಂದ ದಕ್ಷಿಣದ ಸಾಕಣೆ ಕೇಂದ್ರಗಳಿಗೆ ಲಾರಿಗಳಲ್ಲಿ ಸಾಗಿಸಲಾಯಿತು. ಆ ದೇಶದಲ್ಲಿ 105 ಮಂದಿ ಮೃತಪಟ್ಟರು. ಅಲ್ಲಿಂದ ಸಿಂಗಪುರಕ್ಕೆ ಹೋದ ಹಂದಿಗಳಿಂದ ಅಲ್ಲಿನ ಕಸಾಯಿಖಾನೆಯ ಕಾರ್ಮಿಕರಿಗೂ ಸೋಂಕು ತಗಲಿತು. ಪ್ರಾಣಿಗಳ ಸಾಗಾಟದ ಲೆಕ್ಕವು ಮನುಷ್ಯರ ಆರೋಗ್ಯಕ್ಕೂ ಸಂಬಂಧಿಸಿದ್ದೆಂಬುದಕ್ಕೆ ಇದು ನಿದರ್ಶನ.

ನಮ್ಮ ರಾಜ್ಯವೂ ಇಂಥ ಕಷ್ಟವನ್ನು ಕಂಡಿದೆ. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಕಾಲುಬಾಯಿ ಜ್ವರ ವ್ಯಾಪಕವಾಗಿ ಹರಡಿ ಸಾವಿರಾರು ರಾಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಲವು ಜಿಲ್ಲೆಗಳಲ್ಲಿ ಜಾನುವಾರು ಜಾತ್ರೆ, ಸಂತೆ ಮತ್ತು ಸಾಗಾಟವನ್ನು ನಿರ್ಬಂಧಿಸಬೇಕಾಯಿತು. ಯಾವ ವಾಹನ ಎಲ್ಲಿಗೆ ಹೋಗಿದೆಯೆಂಬುದು ತಿಳಿಯದಿದ್ದಾಗ ಇಡೀ ಜಿಲ್ಲೆಯ ಸಾಗಾಟವನ್ನೇ ತಡೆಯುವುದು ಅನಿವಾರ್ಯವಾಗುತ್ತದೆ. ಅದರ ನಷ್ಟವನ್ನು ರೋಗವಿಲ್ಲದ ಹಟ್ಟಿಗಳ ರೈತರೂ ಹೊರಬೇಕಾಗುತ್ತದೆ.

ಸಂಪರ್ಕಿತ ವಾಹನ ಎಂದರೇನು?

ತನ್ನ ಸ್ಥಾನ ಮತ್ತು ಸಮಯವನ್ನು ದೂರದ ಗಣಕಯಂತ್ರಕ್ಕೆ ತಾನಾಗಿಯೇ ತಿಳಿಸುವ ವಾಹನವೇ ಸಂಪರ್ಕಿತ ವಾಹನ. ಇದರಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ.

1. ಸ್ಥಾನ ಗುರುತಿಸುವ ಸಾಧನ: ಜಿಪಿಎಸ್ ಅಥವಾ ಭಾರತದ ನಾವಿಕ್ ಉಪಗ್ರಹಗಳ ಸಂಕೇತದಿಂದ ವಾಹನ ಇರುವ ಸ್ಥಳವನ್ನು ಗುರುತಿಸುತ್ತದೆ.
2. ಸಂವಹನ ಸಾಧನ: ಮೊಬೈಲ್ ಸಿಮ್ ಮೂಲಕ ಆ ಮಾಹಿತಿಯನ್ನು ಕಳುಹಿಸುತ್ತದೆ. ಘಟ್ಟದ ರಸ್ತೆಗಳಲ್ಲಿ ಮೊಬೈಲ್ ಸಂಕೇತ ದೊರೆಯದಿದ್ದರೆ ಮಾಹಿತಿಯನ್ನು ಕೂಡಿಟ್ಟುಕೊಂಡು, ಸಂಕೇತ ದೊರೆತ ಕೂಡಲೇ ರವಾನಿಸುತ್ತದೆ.
3. ದಾಖಲೆ ಕೇಂದ್ರ: ವಾಹನ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ನಿಂತಿತ್ತು ಎಂಬುದನ್ನು ಕಾಯ್ದಿಡುತ್ತದೆ.
4. ನಕ್ಷೆಯ ಬೇಲಿ: ನಕ್ಷೆಯ ಮೇಲೆ ರೋಗಪೀಡಿತ ಪ್ರದೇಶಕ್ಕೆ ಗಡಿ ಹಾಕಿದರೆ, ಆ ಗಡಿಯನ್ನು ದಾಟಿದ ವಾಹನದ ಬಗ್ಗೆ ಚಾಲಕನಿಗೂ ಅಧಿಕಾರಿಗೂ ಸಂದೇಶ ಹೋಗುತ್ತದೆ.

ಈ ಸಾಧನಗಳು ನಮಗೆ ಅಪರಿಚಿತವೇನಲ್ಲ. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಿಗೆ ಎಐಎಸ್-140 ಮಾನದಂಡದ ಸ್ಥಾನ ಪತ್ತೆ ಸಾಧನವನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಿದೆ. 2021ರ ಫೆಬ್ರುವರಿಯಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್ ಕೇಂದ್ರಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಸ್ತಾನ ಅಥವಾ ಹೆಜಮಾಡಿಯ ಟೋಲ್ ದಾಟುವ ಪ್ರತಿಯೊಂದು ಲಾರಿಯ ಸಮಯವೂ ಹೀಗೆ ದಾಖಲಾಗುತ್ತದೆ. ಜಾನುವಾರುಗಳ ಕಡೆಯಲ್ಲಿ, 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಲಸಿಕೆ ಪಡೆದ ರಾಸುಗಳಿಗೆ 12 ಅಂಕಿಗಳ ಕಿವಿಯೋಲೆ ಹಾಕಲಾಗುತ್ತಿದೆ. ಯಾವ ರಾಸು ಎಂಬುದನ್ನು ಕಿವಿಯೋಲೆ ಹೇಳುತ್ತದೆ. ಯಾವ ವಾಹನ ಎಲ್ಲಿತ್ತು ಎಂಬುದನ್ನು ವಾಹನದ ಸಾಧನ ಹೇಳುತ್ತದೆ. ಇವೆರಡನ್ನೂ ಒಂದೇ ದಾಖಲೆಯಲ್ಲಿ ಜೋಡಿಸಿದಾಗ ಮಾತ್ರ ರೋಗದ ಜಾಡು ಸಿಗುತ್ತದೆ.

ದಕ್ಷಿಣ ಕೊರಿಯಾದ ಅನುಭವ

ಈ ಜೋಡಣೆಯನ್ನು ಕಾನೂನಿನ ಮೂಲಕ ಜಾರಿಗೆ ತಂದ ದೇಶ ದಕ್ಷಿಣ ಕೊರಿಯಾ. 2010ರ ನವೆಂಬರಿನಲ್ಲಿ ಆಂಡಾಂಗ್ ಎಂಬಲ್ಲಿ ಪತ್ತೆಯಾದ ಕಾಲುಬಾಯಿ ಜ್ವರ ಕೆಲವೇ ತಿಂಗಳುಗಳಲ್ಲಿ ದೇಶದ ಹೆಚ್ಚಿನ ಭಾಗಕ್ಕೆ ಹಬ್ಬಿ, 30 ಲಕ್ಷಕ್ಕೂ ಹೆಚ್ಚು ಹಂದಿಗಳನ್ನೂ ಸುಮಾರು ಒಂದೂವರೆ ಲಕ್ಷ ದನಗಳನ್ನೂ ಕೊಂದು ಹೂಳಬೇಕಾಯಿತು. ಒಂದು ಸಾಕಣೆ ಕೇಂದ್ರದಿಂದ ಮತ್ತೊಂದಕ್ಕೆ ದಿನನಿತ್ಯ ಓಡಾಡುವ ವಾಹನಗಳೇ ರೋಗದ ಪ್ರಮುಖ ದಾರಿಯೆಂದು ಅಲ್ಲಿನವರು ಮನಗಂಡರು.

2012ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿ ಪಶುಸಂಗೋಪನಾ ವಾಹನಗಳ ನೋಂದಣಿ ಪದ್ಧತಿ ಜಾರಿಗೆ ಬಂತು. ಜಾನುವಾರು, ಹಸಿ ಹಾಲು, ಪಶು ಆಹಾರ, ಗೊಬ್ಬರ ಮತ್ತು ಔಷಧಿ ಸಾಗಿಸುವ ವಾಹನಗಳ ಜೊತೆಗೆ ಚಿಕಿತ್ಸೆ ಹಾಗೂ ಕೃತಕ ಗರ್ಭಧಾರಣೆಗೆ ಹೋಗುವ ವಾಹನಗಳೂ ನೋಂದಣಿಯಾಗಿ ಸ್ಥಾನ ಪತ್ತೆ ಸಾಧನವನ್ನು ಹೊಂದಬೇಕು. ಚಾಲಕರು ರೋಗ ತಡೆಯ ತರಬೇತಿ ಪಡೆಯಬೇಕು. ಒಂದು ಕಡೆ ರೋಗ ದೃಢಪಟ್ಟ ಕೂಡಲೇ, ಅಲ್ಲಿಗೆ ಬಂದಿದ್ದ ವಾಹನಗಳ ಪಟ್ಟಿಯನ್ನೂ ಆ ವಾಹನಗಳು ಮುಂದೆ ಹೋದ ಸ್ಥಳಗಳ ಪಟ್ಟಿಯನ್ನೂ ರಾಷ್ಟ್ರೀಯ ದಾಖಲೆಯಿಂದ ಹೊರತೆಗೆದು ಆಯಾ ಕೇಂದ್ರಗಳಲ್ಲಿ ತಪಾಸಣೆ ನಡೆಸಲಾಗುತ್ತದೆ. ಆಫ್ರಿಕನ್ ಹಂದಿಜ್ವರ ಹಬ್ಬಿದ ಬಳಿಕ 2018ರಲ್ಲಿ ಚೀನಾ ಕೂಡ ಹಂದಿ ಸಾಗಿಸುವ ವಾಹನಗಳಿಗೆ ಇಂಥದೇ ನೋಂದಣಿ ಮತ್ತು ಸ್ಥಾನ ಪತ್ತೆ ವ್ಯವಸ್ಥೆಯನ್ನು ವಿಧಿಸಿತು.

ಈ ಪದ್ಧತಿ ಬಂದ ಮೇಲೂ ಕೊರಿಯಾದಲ್ಲಿ ಹಕ್ಕಿಜ್ವರ, ಕಾಲುಬಾಯಿ ಜ್ವರಗಳು ಮತ್ತೆ ಕಾಣಿಸಿಕೊಂಡಿವೆ ಎಂಬುದನ್ನು ಗಮನಿಸಬೇಕು. ವಾಹನದಲ್ಲಿ ಅಳವಡಿಸಿದ ಸಾಧನ ರೋಗಾಣುವನ್ನು ಕೊಲ್ಲುವುದಿಲ್ಲ. ಅದು ಹುಡುಕಾಟದ ಕಾಲವನ್ನು ಕಡಿಮೆ ಮಾಡುತ್ತದೆ. ಉಳಿದ ಕೆಲಸವನ್ನು ಲಸಿಕೆ, ಶುಚಿತ್ವ ಮತ್ತು ತಕ್ಷಣದ ವರದಿಗಳೇ ಮಾಡಬೇಕು.

ಕೆಮ್ಮಣ್ಣಿನ ಒಂದು ಹಟ್ಟಿ: ಉದಾಹರಣೆಯೊಂದಿಗೆ ವಿವರಣೆ

ಕೆಳಗಿನದು ವಿಷಯವನ್ನು ತಿಳಿಯಪಡಿಸಲು ಕಲ್ಪಿಸಿಕೊಂಡ ಉದಾಹರಣೆ.

ಕೆಮ್ಮಣ್ಣಿನ ಒಂದು ಹಟ್ಟಿಯಲ್ಲಿ ತಿಂಗಳ 15ನೇ ತಾರೀಕಿನ ಬೆಳಿಗ್ಗೆ ಒಂದು ಹಸು ಜೊಲ್ಲು ಸುರಿಸುತ್ತ ಕುಂಟತೊಡಗಿದೆ ಎಂದು ಭಾವಿಸೋಣ. ಕಾಲುಬಾಯಿ ಜ್ವರದ ಶಂಕೆಯಿದ್ದಾಗ 14 ದಿನ ಹಿಂದಕ್ಕೆ, ಅಂದರೆ 1ನೇ ತಾರೀಕಿನವರೆಗೆ ಲೆಕ್ಕ ಹಾಕಬೇಕು. ಆ ಅವಧಿಯಲ್ಲಿ ಅಂಗಳಕ್ಕೆ ಬಂದವು ಇವು: 3ರಂದು ಹೊಸ ಹಸುವನ್ನು ತಂದ ಟೆಂಪೊ, 6ರಂದು ಘಟ್ಟದ ಮೇಲಿನಿಂದ ಬಂದ ಬೈಹುಲ್ಲಿನ ಲಾರಿ, 9ರಂದು ಹಿಂಡಿ ತಂದ ಗೂಡ್ಸ್ ರಿಕ್ಷಾ, 12ರಂದು ಕೃತಕ ಗರ್ಭಧಾರಣೆಯ ಕಾರ್ಯಕರ್ತರ ಬೈಕು, 13ರಂದು ಹಟ್ಟಿಗೊಬ್ಬರವನ್ನು ಶಂಕರಪುರದ ಮಲ್ಲಿಗೆ ತೋಟಕ್ಕೆ ಒಯ್ದ ಟಿಪ್ಪರ್.

ಈಗ ಎರಡು ಪ್ರಶ್ನೆಗಳು ಏಳುತ್ತವೆ. ಸೋಂಕು ಎಲ್ಲಿಂದ ಬಂತು? ಇಲ್ಲಿಂದ ಎಲ್ಲಿಗೆ ಹೋಗಿರಬಹುದು? ಎರಡಕ್ಕೂ ಉತ್ತರ ದೊರೆಯಬೇಕಾದರೆ ಸ್ಥಳಗಳ ಹೆಸರಿನ ಜೊತೆಗೆ ಭೇಟಿಗಳ ಅನುಕ್ರಮವೂ ತಿಳಿದಿರಬೇಕು. ಹಿಂಡಿಯ ರಿಕ್ಷಾ 9ರಂದು ಎಂಟು ಮನೆಗಳಿಗೆ ಹೋಗಿದ್ದು, ನಮ್ಮ ಹಟ್ಟಿ ಅದರಲ್ಲಿ ಮೂರನೆಯದಾಗಿದ್ದರೆ, ಮೊದಲ ಎರಡು ಹಟ್ಟಿಗಳಿಂದ ಸೋಂಕು ನಮ್ಮಲ್ಲಿಗೆ ಬಂದಿರುವ ಸಾಧ್ಯತೆಯನ್ನು ಪರೀಕ್ಷಿಸಬೇಕು. ನಾಲ್ಕರಿಂದ ಎಂಟರವರೆಗಿನ ಐದು ಹಟ್ಟಿಗಳಿಗೆ ನಮ್ಮಿಂದ ಸೋಂಕು ಹೋಗಿರುವ ಸಾಧ್ಯತೆಯಿರುವುದರಿಂದ ಅಲ್ಲಿನ ರಾಸುಗಳ ಮೇಲೆ ನಿಗಾ ಇಡಬೇಕು. ಆರು ದಿನ ಕಳೆದ ಮೇಲೆ ರಿಕ್ಷಾ ಚಾಲಕನಿಗೆ ಮನೆಗಳ ನೆನಪಿರಬಹುದು. ಅವುಗಳಿಗೆ ಹೋದ ಕ್ರಮ ನೆನಪಿರುವುದು ಕಷ್ಟ. ನಿಮಿಷ ಸಹಿತ ದಾಖಲಾದ ಸಾಧನದಲ್ಲಿ ಅದು ಉಳಿದಿರುತ್ತದೆ. ಸಂಪರ್ಕಿತ ವಾಹನದ ಮುಖ್ಯ ಪ್ರಯೋಜನವೇ ಇದು.

ಎರಡನೆಯ ಪ್ರಯೋಜನ ಭೂಗೋಳಕ್ಕೆ ಸಂಬಂಧಿಸಿದ್ದು. ರೋಗ ಕಂಡ ಸ್ಥಳದ ಸುತ್ತ ನಕ್ಷೆಯಲ್ಲಿ ವೃತ್ತ ಎಳೆಯುವುದು ರೂಢಿ. ಚರ್ಮಗಂಟು ರೋಗದಲ್ಲಿ 5 ಕಿ.ಮೀ. ಸುತ್ತಳತೆಯ ಗ್ರಾಮಗಳಲ್ಲಿ ವಲಯ ಲಸಿಕೆ ಹಾಕಲಾಗುತ್ತದೆ. ಹಕ್ಕಿಜ್ವರದಲ್ಲಿ 1 ಕಿ.ಮೀ.ವರೆಗೆ ಸೋಂಕಿತ ವಲಯ, 10 ಕಿ.ಮೀ.ವರೆಗೆ ನಿಗಾ ವಲಯ ಇರುತ್ತದೆ. ಕೆಮ್ಮಣ್ಣಿನಂಥ ನದೀಮುಖದ ಊರಿನಲ್ಲಿ ಇಂಥ ವೃತ್ತದ ಒಂದು ಪಾಲು ಸಮುದ್ರದ ಮೇಲೂ ಇನ್ನೊಂದು ಪಾಲು ಸ್ವರ್ಣಾ ನದಿಯ ಆಚೆ ದಡದ ಮೇಲೂ ಬೀಳುತ್ತದೆ. ತೂಗುಸೇತುವೆಯ ಆಚೆಗಿನ ತಿಮ್ಮಣ್ಣ ಕುದ್ರು ನಕ್ಷೆಯಲ್ಲಿ ತೀರಾ ಹತ್ತಿರ. ಆದರೆ ಅಲ್ಲಿಗೆ ಲಾರಿ ಹೋಗುವುದಿಲ್ಲ. ಕಾಪು ತಾಲ್ಲೂಕಿನ ಶಂಕರಪುರ ನಕ್ಷೆಯಲ್ಲಿ ದೂರ. ಆದರೆ ಗೊಬ್ಬರದ ಟಿಪ್ಪರ್ ಒಂದು ಗಂಟೆಯೊಳಗೆ ಅಲ್ಲಿರುತ್ತದೆ. ಸೊಳ್ಳೆ, ನೊಣಗಳಿಂದ ಹರಡುವ ರೋಗಕ್ಕೆ ವೃತ್ತದ ಲೆಕ್ಕ ಸರಿಹೊಂದುತ್ತದೆ. ವಾಹನದಿಂದ ಹರಡುವ ರೋಗಕ್ಕೆ ರಸ್ತೆಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕು.

ಯಾವ ರೋಗಕ್ಕೆ ಎಷ್ಟು ದಿನ ಹಿಂದಕ್ಕೆ ನೋಡಬೇಕು?

- ಕಾಲುಬಾಯಿ ಜ್ವರ: 14 ದಿನ. ದನ, ಎಮ್ಮೆ, ಕೋಣ, ಆಡು, ಕುರಿ, ಹಂದಿಗಳಿಗೆ ತಗಲುತ್ತದೆ. ರಾಸು, ಹಾಲು, ಸಗಣಿ, ಚಕ್ರ, ಚಾಲಕನ ಪಾದರಕ್ಷೆ ಇವೆಲ್ಲವೂ ಸೋಂಕಿನ ವಾಹಕಗಳಾಗಬಹುದು.
- ಚರ್ಮಗಂಟು ರೋಗ: 28 ದಿನ. ಮುಖ್ಯವಾಗಿ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಆದ್ದರಿಂದ ಇಲ್ಲಿ ಚಕ್ರದ ಕೆಸರಿಗಿಂತ ವಾಹನದಲ್ಲಿ ಸಾಗಿಸಿದ ರಾಸುಗಳ ಲೆಕ್ಕ ಮುಖ್ಯ. ನೊಣ ಹಾರಿ ತಲುಪಲಾಗದ ದೂರಕ್ಕೆ ರೋಗ ಜಿಗಿಯುವುದು ರಾಸುಗಳ ಸಾಗಾಟದಿಂದ.
- ಹಕ್ಕಿಜ್ವರ: 14 ದಿನ. ಕೋಳಿಗಳ ಪಂಜರ, ಮೊಟ್ಟೆಯ ಟ್ರೇ, ಕೋಳಿಗೊಬ್ಬರದ ಚೀಲ ಮತ್ತು ಇವುಗಳನ್ನು ಸಾಗಿಸಿದ ವಾಹನಗಳು ಮುಖ್ಯ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿಯೂ 2020ರಲ್ಲಿ ಮೈಸೂರಿನಲ್ಲಿಯೂ ಈ ರೋಗ ದೃಢಪಟ್ಟಿತ್ತು. ನೆರೆಯ ಕೇರಳದಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತಿರುವುದರಿಂದ ಕರಾವಳಿಯ ಕೋಳಿ ಸಾಕಣೆದಾರರು ಹೆಚ್ಚು ಎಚ್ಚರ ವಹಿಸಬೇಕು.
- ಆಫ್ರಿಕನ್ ಹಂದಿಜ್ವರ: 15 ದಿನ. ಹಂದಿ ಸಾಗಿಸಿದ ವಾಹನ, ಹೋಟೆಲ್ ಉಳಿಕೆ ಆಹಾರ ತರುವ ವಾಹನ ಮತ್ತು ಡ್ರಮ್ಮುಗಳು ಮುಖ್ಯ.

ಕಂಬಳ ಮತ್ತು ಜಾತ್ರೆಯ ಋತುವಿನಲ್ಲಿ

ಕರಾವಳಿಯಲ್ಲಿ ಮಳೆಗಾಲ ಮುಗಿದ ಮೇಲೆ ಕಂಬಳಗಳು ಆರಂಭವಾಗುತ್ತವೆ. ಒಂದೇ ಜೊತೆ ಕೋಣಗಳು ವಾರವಾರವೂ ಬೇರೆ ಬೇರೆ ಊರಿನ ಕರೆಗೆ ಲಾರಿಯಲ್ಲಿ ಹೋಗಿ, ಹಲವು ಊರುಗಳಿಂದ ಬಂದ ಕೋಣಗಳೊಡನೆ ಒಂದು ದಿನ ಕಳೆದು ಮರಳಿ ತಮ್ಮ ಹಟ್ಟಿಗೆ ಬರುತ್ತವೆ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಕೋಣಗಳು ಘಟ್ಟ ಹತ್ತಿ ರಾಜಧಾನಿಯವರೆಗೂ ಪ್ರಯಾಣ ಮಾಡಿದವು. ಕೋಣಗಳಿಗೂ ಕಾಲುಬಾಯಿ ಜ್ವರ ತಗಲುತ್ತದೆ. ಗೊರಸಿನ ನಡುವೆ ಹುಣ್ಣಾದ ಕೋಣ ಆ ಋತುವಿನಲ್ಲಿ ಮತ್ತೆ ಓಡುವುದು ಕಷ್ಟ.

ಈ ದೃಷ್ಟಿಯಿಂದ ಕಂಬಳ ಸಮಿತಿಗಳು ಮತ್ತು ಕೋಣಗಳ ಯಜಮಾನರು ಕೈಗೊಳ್ಳಬಹುದಾದ ಕ್ರಮಗಳಿವೆ. ಕೋಣಗಳನ್ನು ತರುವ ಲಾರಿಯ ನೋಂದಣಿ ಸಂಖ್ಯೆ, ಕೋಣಗಳ ಕಿವಿಯೋಲೆ ಸಂಖ್ಯೆ ಮತ್ತು ಬಂದ ಹಾಗೂ ಹೊರಟ ಸಮಯವನ್ನು ಪ್ರವೇಶದ್ವಾರದಲ್ಲಿಯೇ ಬರೆದಿಡಬೇಕು. ಋತು ಆರಂಭವಾಗುವುದಕ್ಕೆ ಕನಿಷ್ಠ 3–4 ವಾರ ಮೊದಲೇ ಲಸಿಕೆ ಹಾಕಿಸಬೇಕು. ಲಾರಿಯನ್ನು ಹಿಂದಿರುಗುವ ಮೊದಲೇ ತೊಳೆಯಬೇಕು. ಕರೆಯಿಂದ ಮರಳಿದ ಕೋಣಗಳನ್ನು ಹಾಲಿನ ಹಸುಗಳಿರುವ ಹಟ್ಟಿಯಲ್ಲಿ ಕಟ್ಟದೆ ಪ್ರತ್ಯೇಕವಾಗಿ ಇರಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಹಟ್ಟಿಯ ವಾಹನ ಪುಸ್ತಕ. ನಿಮ್ಮ ಅಂಗಳಕ್ಕೆ ಬರುವ ಎಲ್ಲ ವಾಹನಗಳಲ್ಲೂ ಸಾಧನ ಇರಲಾರದು. ಗೂಡ್ಸ್ ರಿಕ್ಷಾ, ಬೈಕುಗಳಲ್ಲಿ ಇಲ್ಲದಿರುವುದೇ ಹೆಚ್ಚು. ಆದ್ದರಿಂದ 100 ಪುಟದ ಒಂದು ನೋಟುಪುಸ್ತಕವನ್ನು ಹಟ್ಟಿಯ ಬಾಗಿಲಲ್ಲಿ ತೂಗುಹಾಕಿ, ಈ ಆರು ವಿವರಗಳನ್ನು ಬರೆಯಿರಿ: ದಿನಾಂಕ, ಸಮಯ, ವಾಹನ ಸಂಖ್ಯೆ, ತಂದ ಅಥವಾ ಒಯ್ದ ವಸ್ತು, ಇದಕ್ಕೆ ಮೊದಲು ಹೋಗಿದ್ದ ಸ್ಥಳ, ಇಲ್ಲಿಂದ ಮುಂದೆ ಹೋಗುವ ಸ್ಥಳ. ಕೊನೆಯ ಎರಡು ವಿವರಗಳನ್ನು ಚಾಲಕನನ್ನು ಕೇಳಿ ಬರೆಯಿರಿ. ಅವು ರೋಗದ ಜಾಡಿನ ಎರಡು ತುದಿಗಳು.

2. ವಾಹನದ ನಿಲುಗಡೆ. ಸಾಧ್ಯವಾದಲ್ಲಿ ವಾಹನವನ್ನು ಹಟ್ಟಿಯಿಂದ ದೂರ, ರಸ್ತೆಯಂಚಿನಲ್ಲಿಯೇ ನಿಲ್ಲಿಸಿರಿ. ಚಾಲಕರು ಹಟ್ಟಿಯೊಳಗೆ ಬರುವ ಅಗತ್ಯವಿಲ್ಲ. ಬರಲೇಬೇಕಾದವರು ಕಾಲು ತೊಳೆದುಕೊಂಡು ಬರಲಿ.

3. ಮೊದಲು ತೊಳೆಯುವುದು, ಅನಂತರ ಔಷಧಿ. ಕೆಸರು ಮತ್ತು ಸಗಣಿ ಇರುವ ಚಕ್ರದ ಮೇಲೆ ಸೋಂಕುನಿವಾರಕ ಸಿಂಪಡಿಸಿದರೆ ಫಲವಿಲ್ಲ. ಮೊದಲು ಕೆರೆದು, ಸಾಬೂನು ನೀರಿನಿಂದ ತೊಳೆಯಿರಿ. ಕಾಲುಬಾಯಿ ಜ್ವರದ ವೈರಾಣುವಿಗೆ ಶೇ. 4ರ ವಾಷಿಂಗ್ ಸೋಡಾ ದ್ರಾವಣ ಪರಿಣಾಮಕಾರಿ. 1 ಲೀಟರ್ ನೀರಿಗೆ 40 ಗ್ರಾಂ ಬೇಕಾಗುತ್ತದೆ. ಅಡುಗೆ ಸೋಡಾ ಇದಕ್ಕೆ ಬದಲಿಯಾಗದು. ಚರ್ಮಗಂಟು ರೋಗಕ್ಕೆ ಶೇ. 2–3ರ ಸೋಡಿಯಂ ಹೈಪೊಕ್ಲೋರೈಟ್ ಬಳಸಿ. ಪಶುವೈದ್ಯರ ಸಲಹೆಯಂತೆ ನೊಣ ಹಾಗೂ ಉಣ್ಣೆಗಳನ್ನೂ ನಿಯಂತ್ರಿಸಿ. ದ್ರಾವಣ ಮೇಲ್ಮೈಯಲ್ಲಿ ಕನಿಷ್ಠ 15–30 ನಿಮಿಷ ಉಳಿಯಲಿ. ಬಳಿಕ ವಾಹನ ಬಿಸಿಲಿನಲ್ಲಿ ಒಣಗಲಿ. ಬ್ಲೀಚಿಂಗ್ ಪೌಡರ್ ಅಥವಾ ಹೈಪೊಕ್ಲೋರೈಟನ್ನು ಆಮ್ಲದೊಡನೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಹೊಮ್ಮುತ್ತದೆ. ತೊಳೆದ ನೀರು ಬಾವಿಗೂ ನದಿಗೂ ಸೇರದಂತೆ ನೋಡಿಕೊಳ್ಳಿ.

4. ಹೊಸ ರಾಸು ಕೊಳ್ಳುವಾಗ. ಪಶುವೈದ್ಯರ ಪ್ರಮಾಣಪತ್ರ, ಲಸಿಕೆಯ ವಿವರ ಮತ್ತು ಕಿವಿಯೋಲೆ ಸಂಖ್ಯೆಯನ್ನು ಪರಿಶೀಲಿಸಿ. ಸಾಗಾಟದ ವಾಹನಕ್ಕೆ ಸ್ಥಾನ ಪತ್ತೆ ಸಾಧನವಿದೆಯೇ ಎಂದು ಕೇಳಿ. ಇಲ್ಲದಿದ್ದಲ್ಲಿ ಪ್ರಯಾಣದ ಅವಧಿಗೆ ಮೊಬೈಲಿನಲ್ಲಿ ಸ್ಥಳ ಹಂಚಿಕೊಳ್ಳುವಂತೆ ಚಾಲಕರನ್ನು ಕೋರಬಹುದು. ನಡುವೆ ಎಲ್ಲಿ ನಿಂತರು, ಬೇರೆ ರಾಸುಗಳನ್ನು ಹತ್ತಿಸಿಕೊಂಡರೇ ಎಂಬುದನ್ನು ಬರೆದುಕೊಳ್ಳಿ. ತಂದ ರಾಸನ್ನು 28 ದಿನ ಪ್ರತ್ಯೇಕವಾಗಿ ಕಟ್ಟಿ, ಅದರ ಮೇವು, ನೀರು, ಹಾಲು ಕರೆಯುವ ಪಾತ್ರೆಗಳನ್ನೂ ಪ್ರತ್ಯೇಕವಾಗಿಡಿ.

5. ಶಂಕೆ ಬಂದ ದಿನವೇ ವರದಿ. ಜ್ವರ, ಜೊಲ್ಲು, ಕುಂಟುವಿಕೆ, ಚರ್ಮದ ಮೇಲೆ ಗಂಟು ಅಥವಾ ಕೋಳಿಗಳ ಸಾಮೂಹಿಕ ಸಾವು ಕಂಡುಬಂದರೆ ಹತ್ತಿರದ ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಅಂದೇ ತಿಳಿಸಿ. ಪ್ರಾಣಿಗಳಲ್ಲಿ ಸೋಂಕು ಮತ್ತು ಸಾಂಕ್ರಾಮಿಕ ರೋಗಗಳ ತಡೆ ಹಾಗೂ ನಿಯಂತ್ರಣ ಅಧಿನಿಯಮ, 2009ರ ಪ್ರಕಾರ ಇದು ಮಾಲೀಕರ ಕರ್ತವ್ಯವೂ ಹೌದು. ಜಾನುವಾರು ಸಾಗಿಸುವ ಮೊದಲು ಮತ್ತು ನಂತರ ವಾಹನವನ್ನು ತೊಳೆದು ಸೋಂಕು ನಿವಾರಿಸಬೇಕೆಂದೂ ಇದೇ ಅಧಿನಿಯಮ ಹೇಳುತ್ತದೆ. ಪಶುವೈದ್ಯರು ಬರುವವರೆಗೆ ನಿಮ್ಮ ಅಂಗಳದಿಂದ ರಾಸು, ಗೊಬ್ಬರ, ಮೇವು ಯಾವುದನ್ನೂ ಹೊರಗೆ ಕಳುಹಿಸಬೇಡಿ.

ವರದಿ ಮಾಡಿದರೆ ಸಂಘದಲ್ಲಿ ಹಾಲು ತೆಗೆದುಕೊಳ್ಳಲಾರರು, ನೆರೆಯವರು ದೂರುವರು ಎಂಬ ಅಂಜಿಕೆ ಹಲವರಲ್ಲಿದೆ. ಈ ಅಂಜಿಕೆಗೆ ಕಾರಣವಿಲ್ಲವೆಂದು ಹೇಳಲಾಗದು; ಕೆಲವು ದಿನಗಳ ಹಾಲಿನ ಹಣ ಸಣ್ಣ ರೈತನಿಗೆ ಸಣ್ಣ ಮೊತ್ತವಲ್ಲ. ಆದರೆ ಮೇಲಿನ ಉದಾಹರಣೆಯ ರಿಕ್ಷಾ ದಿನಕ್ಕೆ ಎಂಟು ಹಟ್ಟಿಗಳಿಗೆ ಹೋಗುವುದಾದರೆ, ಮೂರು ದಿನದ ಮೌನವು ಇಪ್ಪತ್ತನಾಲ್ಕು ಹಟ್ಟಿಗಳನ್ನು ಅಪಾಯಕ್ಕೆ ಒಡ್ಡಬಹುದು. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000 ರೂ., ಎತ್ತಿಗೆ 30,000 ರೂ., ಕರುವಿಗೆ 5,000 ರೂ. ಪರಿಹಾರವನ್ನು ರಾಜ್ಯ ಸರ್ಕಾರ ಘೋಷಿಸಿತ್ತು. ಇಂಥ ನೆರವು ಕೋರುವಾಗ ಪಶುವೈದ್ಯರ ದಾಖಲೆ ಆಧಾರವಾಗುತ್ತದೆ. ಮುಚ್ಚಿಟ್ಟ ರೋಗಕ್ಕೆ ದಾಖಲೆ ಇರುವುದಿಲ್ಲ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

- ನಿಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹಟ್ಟಿಗಳಿಗೆ ನಿಯತವಾಗಿ ಬರುವ ವಾಹನಗಳ ಪಟ್ಟಿಯನ್ನು ರೋಗವಿಲ್ಲದ ಕಾಲದಲ್ಲಿಯೇ ಸಿದ್ಧಪಡಿಸಿ. ಹಿಂಡಿ, ಬೈಹುಲ್ಲು, ಗೊಬ್ಬರ, ಕೋಳಿ ಮತ್ತು ಜಾನುವಾರು ಸಾಗಾಟಕ್ಕೆ ಒಂದೊಂದು ಪುಟವಿರಲಿ.
- ಹಾಲು ಉತ್ಪಾದಕರ ಸಹಕಾರ ಸಂಘವನ್ನು ಮಾಹಿತಿಯ ಕೇಂದ್ರವನ್ನಾಗಿ ಮಾಡಿಕೊಳ್ಳಿ. ಬಹುತೇಕ ಹೈನುಗಾರರು ದಿನಕ್ಕೆ ಎರಡು ಬಾರಿ ಸೇರುವ ಸ್ಥಳ ಅದೊಂದೇ. ಅದೇ ಕಾರಣಕ್ಕೆ ಅಲ್ಲಿನ ಕ್ಯಾನು, ಬೈಕು, ಪಾದರಕ್ಷೆಗಳ ಶುಚಿತ್ವಕ್ಕೂ ಗಮನ ಕೊಡಿ.
- ರೋಗ ಶಂಕೆಯಾದಾಗ ಮೊದಲು ಆ ಹಟ್ಟಿಯ ವಾಹನ ಪುಸ್ತಕವನ್ನು ನೋಡಿ, ಸಾಧನವಿರುವ ವಾಹನಗಳ ಮಾಲೀಕರಿಂದ ಆಯಾ ದಿನದ ಸಂಚಾರದ ವಿವರವನ್ನು ಪಶುಪಾಲನಾ ಇಲಾಖೆಯ ಅಧಿಕಾರಿಗಳ ಮೂಲಕ ಕೇಳಿ ಪಡೆಯಿರಿ. ಭೇಟಿಗಳನ್ನು ಸಮಯದ ಕ್ರಮದಲ್ಲಿ ಬರೆದು, "ನಮಗಿಂತ ಮೊದಲು" ಮತ್ತು "ನಮ್ಮ ನಂತರ" ಎಂದು ಎರಡು ಪಟ್ಟಿ ಮಾಡಿ.
- ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ, ನಿವೇದಿ, ಜಿಲ್ಲಾವಾರು ರೋಗ ಮುನ್ಸೂಚನೆ ನೀಡುತ್ತದೆ. ನಿಮ್ಮ ಜಿಲ್ಲೆಯ ಜೊತೆಗೆ, ನಿಮ್ಮಲ್ಲಿಗೆ ಬೈಹುಲ್ಲು ಮತ್ತು ರಾಸು ಬರುವ ಜಿಲ್ಲೆಗಳ ಮುನ್ಸೂಚನೆಯನ್ನೂ ಗಮನಿಸಿ.
- ನೀವೂ ದಿನಕ್ಕೆ ಹಲವು ಹಟ್ಟಿಗಳಿಗೆ ಹೋಗುವವರು. ನಿಮ್ಮ ಬೈಕಿನ ಭೇಟಿಗಳನ್ನೂ ದಾಖಲಿಸಿ. ಶಂಕಿತ ಹಟ್ಟಿಯ ಭೇಟಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳಿ.

ಮಿತಿಗಳು ಮತ್ತು ಗೋಪ್ಯತೆ

ಸ್ಥಾನ ಪತ್ತೆ ಸಾಧನದ ಲೆಕ್ಕದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಇರುತ್ತದೆ. ಒತ್ತೊತ್ತಾಗಿರುವ ಎರಡು ಮನೆಗಳಲ್ಲಿ ವಾಹನ ಯಾವ ಅಂಗಳಕ್ಕೆ ಹೋಗಿತ್ತು, ಚಾಲಕ ಹಟ್ಟಿಯೊಳಗೆ ಕಾಲಿಟ್ಟನೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಸಾಧನದ ದಾಖಲೆಯನ್ನು ರೈತರ ಪುಸ್ತಕದೊಡನೆ ತಾಳೆ ನೋಡಬೇಕು. ವಾಹನ ಬಂದಿತ್ತೆಂಬುದು ಸೋಂಕು ಬಂದಿತೆಂಬುದಕ್ಕೆ ಪುರಾವೆಯಲ್ಲ. ಅದು ತಪಾಸಣೆಗೆ ದಾರಿ ತೋರಿಸುತ್ತದೆ, ಅಷ್ಟೇ.

ಗೋಪ್ಯತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಚಾಲಕನ ದಿನಚರಿ, ಮಾಲೀಕನ ವ್ಯವಹಾರ, ರೈತನ ಮನೆಯ ಸ್ಥಳ ಇವೆಲ್ಲವೂ ಈ ದಾಖಲೆಯಲ್ಲಿರುತ್ತವೆ. ಜಾನುವಾರು ಸಾಗಾಟದ ಮಾಹಿತಿ ಸಂಬಂಧವಿಲ್ಲದವರ ಕೈಗೆ ಸಿಕ್ಕರೆ ನಿಯಮಾನುಸಾರ ಸಾಗಿಸುವ ಚಾಲಕನಿಗೂ ತೊಂದರೆಯಾಗಬಹುದು. ವಾಹನ ಸಂಖ್ಯೆಗಳನ್ನೂ ರೋಗ ಶಂಕಿತ ಹಟ್ಟಿಗಳ ಹೆಸರನ್ನೂ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬಾರದು. ದಾಖಲೆಯು ಪಶುವೈದ್ಯರು ಮತ್ತು ಸಂಬಂಧಿತ ಅಧಿಕಾರಿಗಳ ಬಳಿ ಮಾತ್ರ ಇರಲಿ. ರೋಗದ ಅವಧಿ ಮುಗಿದ ಬಳಿಕ ಅದನ್ನು ಅಳಿಸಲಿ. ರೋಗ ನಿಯಂತ್ರಣದ ಹೊರತು ಅನ್ಯ ಉದ್ದೇಶಕ್ಕೆ ಬಳಸದಿರಲಿ. ಈ ಭರವಸೆಯಿಲ್ಲದಿದ್ದರೆ ಚಾಲಕರು ಸಾಧನವನ್ನು ಆರಿಸುವರು, ರೈತರು ಪುಸ್ತಕವನ್ನು ಖಾಲಿ ಬಿಡುವರು.

ಉಪಸಂಹಾರ

ಪಶುಸಂಗೋಪನಾ ವಾಹನಗಳಿಗೆಲ್ಲ ಕೊರಿಯಾದ ಮಾದರಿಯ ನೋಂದಣಿ ನಮ್ಮಲ್ಲಿ ಬರುವವರೆಗೆ ಕಾಯಬೇಕಾಗಿಲ್ಲ. ಲಾರಿಯಲ್ಲಿರುವ ಸಾಧನ, ರಾಸಿನ ಕಿವಿಯೋಲೆ, ರೈತರ ಕೈಯಲ್ಲಿರುವ ಮೊಬೈಲು ಮತ್ತು ಹಟ್ಟಿಯ ಬಾಗಿಲಿನ ನೋಟುಪುಸ್ತಕ ಇವಿಷ್ಟನ್ನು ಜೋಡಿಸಿದರೆ, ಹುಡುಕಾಟಕ್ಕೆ ಬೇಕಾಗುವ ದಿನಗಳು ಗಂಟೆಗಳಿಗೆ ಇಳಿಯಬಲ್ಲವು. ರೋಗದ ವೇಗ ಲಾರಿಯ ವೇಗವಾಗಿರುವ ಈ ಕಾಲದಲ್ಲಿ ಮಾಹಿತಿ ಅದಕ್ಕಿಂತ ಮೊದಲು ತಲುಪಬೇಕು. ಈ ವಾರ ನಿಮ್ಮ ಅಂಗಳಕ್ಕೆ ಬರುವ ಮೊದಲ ವಾಹನದಿಂದಲೇ ದಾಖಲೆಯನ್ನು ಆರಂಭಿಸಿರಿ. ಹೆಚ್ಚಿನ ಮಾಹಿತಿಗೆ ಹತ್ತಿರದ ಪಶು ಆಸ್ಪತ್ರೆಯನ್ನು ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.